ಜಪಾನಿನ ಅಡ್ಮಿರಲ್ ನಮ್ಮ ಮನೆಯಲ್ಲಿದ್ದ ಚಳಿಗಾಲ

ದೆಹಲಿಯ ದ್ವಾರಕಾದ ನಮ್ಮ ಫ್ಲ್ಯಾಟಿನಲ್ಲಿ ಆ ಚಳಿಗಾಲವಿಡೀ ಜಪಾನಿನ ಅಡ್ಮಿರಲ್ ಒಬ್ಬ ನಮ್ಮ ಜೊತೆ ಊಟಕ್ಕೆ ಕೂರುತ್ತಿದ್ದ. ಅವನು ಸತ್ತು ಅರವತ್ತು ವರ್ಷದ ಮೇಲಾಗಿತ್ತು, ಆದರೂ ನನ್ನ ಗಂಡನಿಗೆ ಅವನದೇ ಚಿಂತೆ. ಉಪ್ಪಿನಕಾಯಿ ಭರಣಿ, ಮೊಸರಿನ ಪಾತ್ರೆ, ತುಪ್ಪದ ಗಿಂಡಿ ಎಲ್ಲವೂ ವಿಮಾನ ಹೊರುವ ಹಡಗುಗಳಾಗಿ ಊಟದ ಮೇಜಿನ ಮೇಲೆ ಆಚೀಚೆ ಓಡಾಡುತ್ತಿದ್ದವು. ಮೊಸರು ಬೇಕೆಂದರೆ ಯುದ್ಧ ಮುಗಿಯುವ ತನಕ ಕಾಯಬೇಕು. ಸಾರಿಗೆ ಉಪ್ಪು ಹಾಕದೆ ಬಡಿಸಿ ನೋಡಿದೆ, ಚಕಾರವೆತ್ತದೆ ಉಂಡರು.

ನನ್ನ ಗಂಡ ನೌಕಾಪಡೆಯಲ್ಲಿ ಕಮಾಂಡರ್. ಆಗ ಇಲ್ಲಿನ ಕಚೇರಿಯಲ್ಲಿ ಕಡತ ನೋಡುವ ಕೆಲಸ. ಅದಕ್ಕೆ ಮುಂಚೆ ಪಶ್ಚಿಮ ಕರಾವಳಿಯಲ್ಲಿ ಒಂದು ಹಡಗು ಅವರ ಕೈಕೆಳಗಿತ್ತು. ಒಂದು ಸಂಜೆ ಅದು ಬಂದರಿನ ಬಾಯಲ್ಲೇ ಮರಳ ದಿಬ್ಬಕ್ಕೆ ಸಿಕ್ಕಿ ಕೂತುಬಿಟ್ಟಿತು. ಇವರು ಉಬ್ಬರದ ನೀರು ಏರುವ ತನಕ ಹೊರಗೇ ಕಾಯೋಣ ಎಂದಿದ್ದರು. ಹಡಗಿನಲ್ಲಿ ಅತಿಥಿಯಾಗಿ ಬಂದಿದ್ದ ಅಡ್ಮಿರಲ್ ಸಾಹೇಬರು ಒಪ್ಪಲಿಲ್ಲ. ದಡದಲ್ಲಿ ಅವರ ಸ್ವಾಗತಕ್ಕೆ ಬ್ಯಾಂಡಿನವರು ಕಾಯುತ್ತಿದ್ದರಂತೆ. "ಏನಾಗಲ್ಲ, ಒಳಗೆ ತಗೋ" ಅಂದರು. ಇವರು ತಗೊಂಡರು.

ನೌಕಾಪಡೆಯಲ್ಲಿ ಒಂದು ನಿಯಮವಿದೆ. ಹಡಗಿನಲ್ಲಿ ಎಷ್ಟೇ ದೊಡ್ಡವರು ಕೂತಿರಲಿ, ಹಡಗಿಗೆ ಏನಾದರೂ ಆದರೆ ಹೊಣೆ ಅದನ್ನು ನಡೆಸುವ ಅಧಿಕಾರಿಯದೇ. ನಿಯಮದಲ್ಲಿ ಬರೆಯದ ಇನ್ನೊಂದು ರೂಢಿಯೂ ಇದೆ. ಮೇಲಿನವರು ಬಾಯಲ್ಲಿ ಹೇಳಿದ ಮಾತನ್ನು ಕೆಳಗಿನವನು ವಿಚಾರಣೆಯಲ್ಲಿ ಎತ್ತುವುದಿಲ್ಲ, ಮೇಲಿನವರು ತಾವಾಗಿಯೇ ಎದ್ದು ಹೇಳುತ್ತಾರೆ ಎಂದು ನಂಬಿಕೊಂಡು ಕೂರುತ್ತಾನೆ. ನನ್ನ ಗಂಡ ಬಾಯಿಗೆ ಬೀಗ ಹಾಕಿಕೊಂಡು ಕೂತರು. ಸಾಹೇಬರು ಏಳಲಿಲ್ಲ. ಗೂಬೆಯನ್ನು ಇವರ ತಲೆಯ ಮೇಲೆ ಕೂರಿಸಿ, ಅಂಥದೇ ಬ್ಯಾಂಡಿನ ಬೀಳ್ಕೊಡುಗೆ ಪಡೆದು ನಿವೃತ್ತರಾಗಿ ದೆಹಲಿಯ ವಸಂತ್ ಕುಂಜ್‌ಗೆ ಬಂದು ನೆಲೆಸಿದರು.

ಬಡ್ತಿಯ ಸಮಿತಿ ಎರಡು ಸಲ ಇವರ ಹೆಸರನ್ನು ದಾಟಿ ಮುಂದೆ ಹೋಗಿತ್ತು. ಆ ವರ್ಷದ್ದು ಕೊನೆಯ ಅವಕಾಶ. ಸಮಿತಿಯಲ್ಲಿದ್ದವರು ಸಾಹೇಬರ ಕೈಕೆಳಗೆ ಬೆಳೆದವರೇ, ಸಾಹೇಬರು ಒಂದು ಮಾತು ಹೇಳಿದ್ದರೆ ಸಾಕಿತ್ತು.

"ಹೋಗಿ ಕೇಳಬಾರದೇನ್ರೀ?" ಎಂದು ನಾನು ಗೋಗರೆದೆ.

"ಅದೆಲ್ಲ ಕೇಳಿ ಹೇಳಿಸ್ಕೊಳ್ಳೋದಲ್ಲ ಕಣೇ. ಅವರಿಗೇ ಗೊತ್ತಿದೆ."

ಗೊತ್ತಿದ್ದವರು ಇಷ್ಟು ವರ್ಷ ಏನು ಮಾಡುತ್ತಿದ್ದರು ಎಂದು ಕೇಳಿದರೆ ಪೇಪರ್ ಬಿಡಿಸಿ ಮುಖಕ್ಕೆ ಹಿಡಿದರು.

ಸಾಹೇಬರು ಕೊಡಗಿನವರು. ದೆಹಲಿಯಲ್ಲಿದ್ದ ಕರ್ನಾಟಕದ ಸೇನಾ ಕುಟುಂಬಗಳು ತಿಂಗಳಿಗೊಂದು ಭಾನುವಾರ ಅವರ ಮನೆಯಲ್ಲಿ ಸೇರುತ್ತಿದ್ದವು. ಕಾಫಿ, ತಿಂಡಿ, ಯಾರಾದರೊಬ್ಬರ ಭಾಷಣ. ಆ ಸಲ ಭಾಷಣಕ್ಕೆ ಇವರನ್ನು ಕರೆದರು. ಇವರು ಜಪಾನಿನ ಅಡ್ಮಿರಲ್‌ನನ್ನು ಆರಿಸಿಕೊಂಡರು. ಯಾಕೆ ಅವನು ಎಂದರೆ "ಕೇಳಿದರೆ ಗೊತ್ತಾಗತ್ತೆ" ಎಂದರು. ನನಗೆ ಆಗಲೇ ಗೊತ್ತಾಗಿತ್ತು. ನೇರವಾಗಿ ಹೇಳಲಾರದ್ದನ್ನು ಇವರು ಜಪಾನಿನ ಮೂಲಕ ಸುತ್ತಿಸಿ ವಸಂತ್ ಕುಂಜ್‌ಗೆ ತರಲು ಹೊರಟಿದ್ದರು. ನಗು ಬಂತು, ಸಂಕಟವೂ ಆಯಿತು.

ಭಾಷಣ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಆ ಅಡ್ಮಿರಲ್ ಟಾರ್ಪಿಡೊ ವಿದ್ಯೆಯಲ್ಲಿ ಪಳಗಿದವನು, ವಿಮಾನದ ಗಂಧ ಅಷ್ಟಾಗಿ ಇಲ್ಲದವನು. ಆದರೂ ಹಿರಿತನದ ಸರದಿಯಲ್ಲಿ ವಿಮಾನವಾಹಕ ಹಡಗುಗಳ ಇಡೀ ದಂಡನ್ನೇ ಅವನ ಕೈಗಿಟ್ಟರು. ಒಂದು ಭಾನುವಾರ ಬೆಳಿಗ್ಗೆ ಅಮೆರಿಕದ ನೌಕಾನೆಲೆಯ ಮೇಲೆ ಬೆಂಕಿ ಸುರಿದು ವೀರನೆನಿಸಿಕೊಂಡ. ಮುಂದಿನ ಬೇಸಿಗೆಯಲ್ಲಿ, ನಡುಸಮುದ್ರದ ಇನ್ನೊಂದು ಕದನದಲ್ಲಿ, ವಿಮಾನಗಳಿಗೆ ಬಾಂಬು ಕಟ್ಟುವುದೋ ಟಾರ್ಪಿಡೊ ಕಟ್ಟುವುದೋ ಎಂದು ಹಾಕಿ ಬಿಚ್ಚಿ ಮಾಡುತ್ತಿದ್ದಾಗಲೇ ಶತ್ರು ತಲೆಯ ಮೇಲೆ ಬಂದ. ನಾಲ್ಕು ದೊಡ್ಡ ಹಡಗುಗಳು ಹೋದವು. ಆಮೇಲೆ ಅವನ ಕೈಗೆ ಬರುವ ಕೆಲಸಗಳು ಸಣ್ಣದಾಗುತ್ತ ಹೋದವು. ಕೊನೆಗೆ ಹೇಳಿಕೊಳ್ಳುವಂಥ ಹಡಗುಗಳೇ ಇಲ್ಲದ ದ್ವೀಪವೊಂದರಲ್ಲಿ ಕೂತ. ಶತ್ರು ಅಲ್ಲಿಗೂ ಬಂದಾಗ ತನ್ನ ಜೀವ ತಾನೇ ತೆಗೆದುಕೊಂಡ.

ಇಲ್ಲಿಗೆ ಬಂದು ಇವರು ನೀರು ಕುಡಿದರು.

"ಒಂದು ಮಾತು ಹೇಳಿ ಮುಗಿಸ್ತೀನಿ. ಸೋತು ಬಂದಾಗ ಎಲ್ಲರೂ ಇವನ ಕಡೆಗೇ ಬೆರಳು ತೋರಿಸಿದರು. ಆದರೆ ಯುದ್ಧದ ಯೋಜನೆ ಮಾಡಿದ್ದ ಇವನ ಮೇಲಧಿಕಾರಿ, ಅವನನ್ನ ಬೈಬೇಡಿ, ತಪ್ಪು ನನ್ನದು ಅಂದರಂತೆ. ಯಾರೂ ಕೇಳದೆ ತಾವಾಗಿಯೇ ಅಂದರಂತೆ."

ನಾನು ಸಾಹೇಬರ ಮುಖವನ್ನೇ ನೋಡುತ್ತಿದ್ದೆ. ಅವರ ಕಣ್ಣು ತುಂಬಿ ಬಂದಿತ್ತು. ಎದ್ದು ನಿಂತರು. ಬಂತು, ಈಗ ಬಂತು ಎಂದು ನಾನು ಸೆರಗನ್ನು ಗಟ್ಟಿಯಾಗಿ ಹಿಡಿದುಕೊಂಡೆ.

"ವಾಹ್!" ಎಂದು ಚಪ್ಪಾಳೆ ತಟ್ಟಿದರು ಸಾಹೇಬರು. "ಅದು ನೋಡಿ ಮೇಲಧಿಕಾರಿ ಅಂದರೆ! ಈಗಿನ ಕಾಲದಲ್ಲಿ ಅಂಥವರು ಎಲ್ಲಿದ್ದಾರೆ?"

ಎಲ್ಲರೂ ತಟ್ಟಿದರು. ನನ್ನ ಗಂಡನೂ ಎರಡು ಸಲ ತಟ್ಟಿದರು, ತಮ್ಮ ಭಾಷಣಕ್ಕೆ ತಾವೇ.

ಕಾಫಿಯ ಹೊತ್ತಿಗೆ ಸಾಹೇಬರು ಇವರ ಹೆಗಲ ಮೇಲೆ ಕೈಯಿಟ್ಟುಕೊಂಡೇ ನನ್ನ ಬಳಿ ಬಂದರು. "ಏನಮ್ಮಾ, ನಿಮ್ಮ ಯಜಮಾನರು ಎಷ್ಟು ಚೆನ್ನಾಗಿ ಮಾತಾಡ್ತಾರೆ! ರಿಟೈರ್ ಆದಮೇಲೆ ಎಲ್ಲಾದರೂ ಪಾಠ ಹೇಳಬೇಕು, ಅಚ್ಛಾ ರಹೇಗಾ." ಆಗಲೇ ಇವರನ್ನು ನಿವೃತ್ತರ ಸಾಲಿಗೆ ಸೇರಿಸಿಬಿಟ್ಟಿದ್ದರು. ನನ್ನ ಮೈ ಉರಿದುಹೋಯಿತು. ಹಿರಿಯ ಅಧಿಕಾರಿಗಳ ಎದುರು ಹೆಂಡತಿಯರು ಕೆಲಸದ ಮಾತು ಎತ್ತಬಾರದೆಂಬುದು ನಮಗೆ ಮದುವೆಯಾದ ಹೊಸದರಲ್ಲೇ ಕಲಿಸಿದ ಪಾಠ. ಹಾಳಾಗಿ ಹೋಗಲಿ ಎಂದುಕೊಂಡೆ.

"ಸರ್, ಆವತ್ತು ಇವರ ಹಡಗು ಮರಳಿಗೆ ಸಿಕ್ಕಾಗ ನೀವೂ ಅಲ್ಲೇ ಇದ್ರಿ, ಅಲ್ವಾ?"

ಸಾಹೇಬರು ಕಣ್ಣು ಕೂಡ ಮಿಟುಕಿಸಲಿಲ್ಲ. "ಇದ್ದೆನಲ್ಲಮ್ಮಾ. ನೀರು ಕಮ್ಮಿ ಇದೆ, ಸ್ವಲ್ಪ ಕಾಯಿ ಅಂತ ನಾನು ಆವತ್ತೇ ಇವನಿಗೆ ಹೇಳಿದ್ದೆ. ಹೌದೋ ಅಲ್ವೋ?"

ಸಾಹೇಬರು ಬೇಕೆಂದು ಸುಳ್ಳು ಹೇಳುತ್ತಿರಲಿಲ್ಲ ಎಂದೇ ನನಗೆ ಇವತ್ತಿಗೂ ಅನಿಸುತ್ತದೆ. ತಾವು ಹೇಳಿದ್ದು ಅದೇ ಎಂದು ಅಷ್ಟು ವರ್ಷದಲ್ಲಿ ಅವರೇ ನಂಬಿಬಿಟ್ಟಿದ್ದರೇನೋ. ನಾನು ಗಂಡನ ಕಡೆ ತಿರುಗಿದೆ. ಒಂದು 'ಇಲ್ಲ' ಸಾಕಿತ್ತು.

"ಹೌದು ಸರ್" ಎಂದರು ನನ್ನ ಗಂಡ.

ಮನೆಗೆ ಬರುವಾಗ ಕಾರಿನಲ್ಲಿ ನಾನು ಬಾಯಿಗೆ ಬಂದದ್ದೆಲ್ಲ ಅಂದೆ. ಇವರು ಗೇರು ಬದಲಾಯಿಸುತ್ತ, "ಅವರ ಮನೇಲೇ ಕೂತು, ಅವರ ಕಾಫಿ ಕುಡಿದು, ಅವರನ್ನ ಸುಳ್ಳ ಅನ್ನೋಕಾಗತ್ತಾ?" ಎಂದರು.

ಬಡ್ತಿಯ ಪಟ್ಟಿ ಬೇಸಿಗೆಯ ಹೊತ್ತಿಗೆ ಬಂತು. ಇವರ ಹೆಸರಿರಲಿಲ್ಲ. ಆ ಭಾನುವಾರ ಫೋನು ಬಡಿದುಕೊಂಡಿತು. ನಾನೇ ಎತ್ತಿದೆ. ಸಮಾಧಾನ ಹೇಳಲು ಸಾಹೇಬರು ಮಾಡಿದ್ದರು. ನಾನು ರಿಸೀವರನ್ನು ಇವರತ್ತ ಚಾಚಿದೆ. ಬನಿಯನ್ನಿನಲ್ಲಿ ಸೋಫಾದ ಮೇಲೆ ಕಾಲು ಚಾಚಿ ಪೇಪರ್ ಓದುತ್ತಿದ್ದವರು, ಯಾರು ಎಂದು ಗೊತ್ತಾದ ಕೂಡಲೇ ಪೇಪರ್ ಬದಿಗಿಟ್ಟು ಎದ್ದು ನಿಂತರು. ಮಾತು ಮುಗಿಯುವ ತನಕ ನೆಟ್ಟಗೆ ನಿಂತೇ ಇದ್ದರು.