ಹಾಲಾಂಗ್ ನೋಡದೆ ಬಂದವನು

ವಿಯೆಟ್ನಾಂಗೆ ಹೋಗಿ ಬಂದವರನ್ನು ಜನ ಕೇಳುವ ಮೊದಲ ಪ್ರಶ್ನೆ ಒಂದೇ: ಹಾಲಾಂಗ್ ಕೊಲ್ಲಿ ಹೇಗಿತ್ತು? ಸಮುದ್ರದೊಳಗಿಂದ ಕಲ್ಲುಗುಡ್ಡಗಳು ಸಾಲುಸಾಲಾಗಿ ಎದ್ದು ನಿಂತಿವೆಯಂತೆ, ಅವುಗಳ ನಡುವೆ ದೋಣಿ ನುಸುಳಿ ಹೋಗುತ್ತದಂತೆ. 'ಅಂತೆ' ಎನ್ನುತ್ತಿದ್ದೇನೆ, ಏಕೆಂದರೆ ನಾನು ನೋಡಿಲ್ಲ. ಅಷ್ಟು ದೂರ ಹೋಗಿ, ಉಳಿದವರೆಲ್ಲ ಕೊಲ್ಲಿ ನೋಡಿದ ದಿನ ನಾನು ನೋಡಿದ್ದು ಹನೋಯ್ ನಗರದ ಒಂದು ಆಸ್ಪತ್ರೆಯ ಬಿಳಿ ಛಾವಣಿಯನ್ನು. ಆದರೂ ಪ್ರವಾಸ ಹೇಗಾಯಿತು ಎಂದರೆ ಬಹಳ ಚೆನ್ನಾಗಿ ಆಯಿತು ಎನ್ನುತ್ತೇನೆ. ಕೇಳಿದವರು ನನ್ನ ಮುಖವನ್ನೇ ನೋಡುತ್ತಾರೆ.

ನಾನು ಬಾಗಲಕೋಟೆಯಲ್ಲಿ ಭೂಗೋಳ ಕಲಿಸಿ ನಿವೃತ್ತನಾದ ಮಾಸ್ತರ. ಭೂಗೋಳದ ಮಾಸ್ತರರ ಪಾಡೇ ವಿಚಿತ್ರ. ಜಗತ್ತನ್ನೆಲ್ಲ ಕೋಲಿನ ತುದಿಯಿಂದ ಮುಟ್ಟಿರುತ್ತೇವೆ, ಕಾಲಿನಿಂದ ಮುಟ್ಟಿದ್ದು ಮಾತ್ರ ಬಾದಾಮಿ, ಮಹಾಕೂಟದವರೆಗೆ. ಹೀಗಾಗಿ ನಮ್ಮ ಜಿಲ್ಲೆಯ ಇಪ್ಪತ್ತು-ಇಪ್ಪತ್ತೈದು ಜನರ ಗುಂಪು ವಿಯೆಟ್ನಾಂಗೆ ಹೊರಟಿದೆ ಎಂದು ತಿಳಿದಾಗ ಹೆಂಡತಿ ಶಾಂತಾಳನ್ನು ಒಪ್ಪಿಸಿ ನಾನೂ ಹೆಸರು ಕೊಟ್ಟೆ. ಅಲ್ಲಿ ಬಸ್ಸು ಹತ್ತಿದ್ದೇ ತಡ, ಮೈಕ್ ನನ್ನ ಕೈಗೆ ಬಂತು. ಬಂತು ಎನ್ನುವುದಕ್ಕಿಂತ ನಾನೇ ಇಸಿದುಕೊಂಡೆ ಎನ್ನುವುದು ಸರಿ. ನದಿಗಳು, ಮಳೆಮಾರುತ, ಭತ್ತದ ತಳಿಗಳು, ಯಾವುದನ್ನೂ ಬಿಡಲಿಲ್ಲ. ಅಲ್ಲಿಯ ಗೈಡ್ ಲಾನ್ ಎಂಬ ಹೆಣ್ಣುಮಗಳು ತನ್ನ ದೇಶದ ಬಗ್ಗೆ ನನ್ನಿಂದ ಕನ್ನಡದಲ್ಲಿ ಕೇಳುತ್ತ ಸುಮ್ಮನೆ ನಗುತ್ತಿದ್ದಳು.

ಮುಂದಿನ ಸೀಟಿನಲ್ಲಿ ಇಳಕಲ್ಲಿನ ಸೀರೆ ವ್ಯಾಪಾರಿ ದಾವಲಸಾಬರು, ಪಕ್ಕದಲ್ಲಿ ಅವರ ಹೆಂಡತಿ ಖಾಜಾಬಿ. ನಾನು ಮೈಕ್ ಹಿಡಿದ ಕೂಡಲೇ ದಾವಲಸಾಬರಿಗೆ ನಿದ್ದೆ. ಎಚ್ಚರವಾದಾಗ ಒಂದೇ ಪ್ರಶ್ನೆ: "ಸರ, ಚಹಾಕ್ಕ ಎಲ್ಲಿ ನಿಲ್ಲಸ್ತಾರ?" ಮುಂದಿನ ಬೆಂಚಿನಲ್ಲಿ ಮಲಗುವವರ ಬಗ್ಗೆ ಮಾಸ್ತರನಿಗೆ ಯಾವ ಅಭಿಪ್ರಾಯ ಇರುತ್ತದೋ ನನಗೂ ಅದೇ ಇತ್ತು.

ಹಾಲಾಂಗ್‌ಗೆ ಹೊರಡುವ ಮುಂಜಾನೆ ಹೋಟೆಲಿನ ಕೋಣೆಯಲ್ಲಿ ಬೂಟಿನ ದಾರ ಕಟ್ಟಲು ಬಾಗಿದೆ. ಎಡಪಕ್ಕೆಯಲ್ಲಿ ಯಾರೋ ಚೂರಿ ಹಾಕಿ ತಿರುವಿದಂತಾಯಿತು. ಬಾಗಿದವನು ಏಳಲಿಲ್ಲ. ಮೈಯೆಲ್ಲ ಬೆವರು. ಇದು ಎದೆಯದೇ ನೋವು ಎಂದು ಶಾಂತಾ ಹೆದರಿದಳು. ಅವಳನ್ನು ನೋಡಿ ನಾನೂ ಹೆದರಿದೆ. ಈ ಊರಲ್ಲಿ ಸತ್ತರೆ ನಾನು ಯಾರು? ಒಂದು ಪಾಸ್‌ಪೋರ್ಟ್, ಅಷ್ಟೇ. ನೋವಿಗಿಂತ ಆ ವಿಚಾರವೇ ಹೆಚ್ಚು ಹಿಂಡಿತು.

ಕೆಳಗೆ ಎಲ್ಲರೂ ಬಸ್ಸಿನಲ್ಲಿ ಕುಳಿತಾಗಿತ್ತು. ಲಾನ್ ಗುಂಪನ್ನು ಬಿಟ್ಟು ಬರುವಂತಿರಲಿಲ್ಲ. ಟ್ಯಾಕ್ಸಿ ಕರೆಸಿದಳು, ಆಸ್ಪತ್ರೆಗೆ ಫೋನು ಮಾಡಿದಳು. ಟ್ಯಾಕ್ಸಿಯಲ್ಲಿ ನನ್ನನ್ನು ಮಲಗಿಸುವ ಹೊತ್ತಿಗೆ ದಾವಲಸಾಬರು ಬಸ್ಸಿನಿಂದ ಇಳಿದು ಬಂದರು. ಹಿಂದೆಯೇ ಬುತ್ತಿಯ ಚೀಲ ಹಿಡಿದು ಖಾಜಾಬಿ.

"ನೀವು ಹೋಗ್ರಿ, ಇಷ್ಟ ದೂರ ಬಂದು ಇದನ್ನ ತಪ್ಪಿಸಿಕೋಬ್ಯಾಡ್ರಿ," ಎಂದಳು ಶಾಂತಾ.

"ಗುಡ್ಡ ಬಾದಾಮ್ಯಾಗ ಅದಾವ, ನೀರು ಆಲಮಟ್ಯಾಗ ಐತಿ," ಎಂದರು ದಾವಲಸಾಬರು ಟ್ಯಾಕ್ಸಿಯ ಬಾಗಿಲು ತೆಗೆಯುತ್ತ. "ಎರಡೂ ಒಂದ ಕಡೆ ಅದಾವಂತ ನೋಡಾಕ ಹೋಗಬೇಕೇನ್ರಿ? ಸರೀರಿ ಅಕ್ಕಾರ, ನಾ ಮುಂದ ಕುಂಡ್ರತೇನಿ."

ಆಸ್ಪತ್ರೆಯಲ್ಲಿ ಡಾಕ್ಟರು ಫೋನಿನ ಅನುವಾದಕವನ್ನು ನನ್ನ ಬಾಯಿಗೆ ಹಿಡಿದರು. "ಪಕ್ಕಡಿಯೊಳಗ ಚುಚ್ಚಾಕ ಹತ್ತೈತಿ" ಎಂದೆ. ಫೋನು ಏನು ಹೇಳಿತೋ, ಡಾಕ್ಟರು ಒಮ್ಮೆ ನನ್ನನ್ನು, ಒಮ್ಮೆ ಕಿಟಕಿಯ ಹೊರಗೆ ನೋಡಿದರು. ಗ್ರಾಂಥಿಕ ಕನ್ನಡಕ್ಕೆ ಇಳಿಯೋಣವೆಂದರೆ ನೋವಿನಲ್ಲಿ ವ್ಯಾಕರಣ ಬರಲಿಲ್ಲ. ಆಗ ದಾವಲಸಾಬರು ಮುಂದೆ ಬಂದರು. ಮೂಲೆಯ ಹೂಕುಂಡದಿಂದ ಒಂದು ಹರಳು ಆರಿಸಿದರು. ಅದನ್ನು ನನ್ನ ಪಕ್ಕೆಯ ಮೇಲಿಟ್ಟು, ನಿಧಾನವಾಗಿ ಕೆಳಗೆ ಸರಿಸಿ, ನಡುವೆ ಸಿಕ್ಕಿಕೊಂಡಂತೆ ನಿಲ್ಲಿಸಿ, ಮುಖ ಹಿಂಡಿ "ಯವ್ವಾ!" ಎಂದರು. ಆಮೇಲೆ ಅದು ಹೊರಬೀಳಬೇಕಾದ ದಾರಿಯನ್ನೂ ಸಂಕೋಚವಿಲ್ಲದೆ ತೋರಿಸಿದರು. ನರ್ಸು ಮುಖ ಮುಚ್ಚಿಕೊಂಡಳು. ಡಾಕ್ಟರು ಜೋರಾಗಿ ನಕ್ಕು ತಲೆಯಾಡಿಸಿದರು. ಸ್ಕ್ಯಾನಿನಲ್ಲೂ ಕಂಡದ್ದು ಅದೇ, ಮೂತ್ರಪಿಂಡದ ಹರಳು.

"ನನಗ ಎರಡ ಸಲ ಆಗೇತ್ರಿ ಸರ," ಎಂದರು ದಾವಲಸಾಬರು. "ಜೀವಾ ತಿಂತೈತಿ, ತಗೊಳ್ಳಂಗಿಲ್ಲ. ಅಂಜಬ್ಯಾಡ್ರಿ."

ಇಂಜೆಕ್ಷನ್ನು ಏರಿದ ಮೇಲೆ ನಾನು ಮಲಗಿಬಿಟ್ಟೆ. ಹೊರಗೆ ನಡೆದದ್ದನ್ನು ಆಮೇಲೆ ಶಾಂತಾ ಹೇಳಿದಳು. ಎದೆನೋವಲ್ಲ ಎಂದು ಗೊತ್ತಾದ ಮೇಲೆಯೇ ಅವಳಿಗೆ ಅಳು ಬಂತಂತೆ. ನಿಲ್ಲಲೇ ಇಲ್ಲವಂತೆ. ಖಾಜಾಬಿ ಸಮಾಧಾನದ ಮಾತೇನೂ ಆಡಲಿಲ್ಲ. ಕೈ ಹಿಡಿದು ಕುಳಿತರು, ಅಳು ತಾನಾಗಿ ಮುಗಿದ ಮೇಲೆ, "ಈಗ ಒಂದ ತುತ್ತ ತಿನ್ರಿ ಅಕ್ಕಾರ" ಎಂದು ಬುತ್ತಿ ಬಿಚ್ಚಿದರು. ಖಡಕ್ ರೊಟ್ಟಿ, ಶೇಂಗಾ ಚಟ್ನಿ. ಪಕ್ಕದ ಬೆಂಚಿನಲ್ಲಿ ಒಬ್ಬ ವಿಯೆಟ್ನಾಮಿ ಮುದುಕಿ ಒಬ್ಬಳೇ ಕುಳಿತಿದ್ದಳು. ಅವಳ ಕೈಗೂ ಒಂದು ರೊಟ್ಟಿ. ಅವಳು ಅದನ್ನು ಹಪ್ಪಳವೆಂದು ತಿಳಿದು ಕಟುಮ್ಮನೆ ಕಡಿದು, ಚಟ್ನಿಯ ಖಾರಕ್ಕೆ ಕಣ್ಣೊರೆಸಿಕೊಂಡು, ಇನ್ನೊಂದು ಕೇಳಿದಳು. ತನ್ನ ಚೀಲದಿಂದ ಚಕೋತ ಹಣ್ಣು ತೆಗೆದು ಸುಲಿದು ಇಬ್ಬರಿಗೂ ತಾನೇ ತಿನ್ನಿಸಿದಳು. ಮೂವರೂ ಏನೇನೋ ಮಾತಾಡಿದರಂತೆ. "ಏನು ಮಾತಾಡಿದ್ರಿ?" ಎಂದೆ. "ಏನ ತಿಳೀತ್ರಿ? ಆದ್ರ ಭಾಳ ಮಾತಾಡಿದ್ವಿ," ಎಂದಳು ಶಾಂತಾ.

ಸಂಜೆ ಹೋಟೆಲಿಗೆ ಮರಳಿದೆವು. ಕೊಲ್ಲಿ ನೋಡಿ ಬಂದವರು ಊಟದ ಕೋಣೆಯಲ್ಲಿ ನಮ್ಮನ್ನು ಕಂಡು ಗಪ್ಪಾದರು. ನಮ್ಮೆದುರು ಹಾಲಾಂಗ್‌ನ ಸುದ್ದಿ ಎತ್ತಬಾರದೆಂದು ಬಸ್ಸಿನಲ್ಲೇ ಮಾತಾಗಿತ್ತಂತೆ. ದಾವಲಸಾಬರು ಕುರ್ಚಿ ಎಳೆದು ಕುಳಿತು, "ಯಾಕ್ರೀ, ಏನೂ ಕಾಣಲಿಲ್ಲೇನು? ಹೇಳ್ರೆಲಾ!" ಎಂದರು. ಎಲ್ಲರೂ ಒಮ್ಮೆಲೇ ಶುರುವಾದರು. ಒಬ್ಬರ ಪ್ರಕಾರ ನೀರು ಹಸಿರು, ಇನ್ನೊಬ್ಬರ ಪ್ರಕಾರ ನೀಲಿ. ಒಂದು ಗುಡ್ಡ ಆನೆಯ ಹಾಗಿತ್ತು, ಅಲ್ಲ, ಕುಳಿತ ಎಮ್ಮೆಯ ಹಾಗಿತ್ತು. ಕೊಲ್ಲಿಯ ಸುಣ್ಣಕಲ್ಲಿನ ಬಗ್ಗೆ ಒಂದು ಗಂಟೆಯ ಪಾಠ ಸಿದ್ಧಮಾಡಿಕೊಂಡಿದ್ದ ನಾನು ಬಾಯಿ ತೆರೆಯದೆ ಕೇಳಿದೆ. ಅಷ್ಟು ಚೆಂದದ ಪಾಠವನ್ನು ನಾನೆಂದೂ ಮಾಡಿರಲಿಲ್ಲ.

ಊರಿಗೆ ಬಂದ ಮೇಲೆ ಉಪಕಾರ ಸ್ಮರಿಸದೆ ಇರುವುದು ಹೇಗೆ? ಒಂದು ದಿನ ಇಳಕಲ್ ಬಸ್ಸು ಹತ್ತಿದೆ. ಅಮೀನಗಡದಲ್ಲಿ ಕರದಂಟು ಕೊಂಡೆ. ಹುನಗುಂದ ದಾಟುವಷ್ಟರಲ್ಲಿ ಮನಸ್ಸಿನಲ್ಲೇ ಒಂದು ಭಾಷಣ ಸಿದ್ಧವಾಯಿತು. ಮಾಸ್ತರಿಕೆ ಎಲ್ಲಿ ಹೋಗುತ್ತದೆ!

ಅಂಗಡಿಯ ತುಂಬ ಮದುವೆಯ ಜವಳಿಗೆ ಬಂದ ಹೆಂಗಸರು. ನಾನು ಕೈಮುಗಿದು, "ದಾವಲಸಾಬ್, ಆ ದಿನ ನೀವು..." ಎಂದು ಶುರುಮಾಡಿದೆ.

"ಸರ, ಛಲೋ ಹೊತ್ತಿಗೆ ಬಂದ್ರಿ. ಈ ಸೆರಗು ಒಂದೀಟು ಹಿಡೀರಿ," ಎಂದರು.

ಹಿಡಿದೆ. ಒಂದಾದ ಮೇಲೊಂದು ಸೀರೆಗಳು ಬಿಚ್ಚಿಕೊಂಡವು. ನಾನು ಗಾದಿಯ ಅಂಚಿನಲ್ಲಿ ಸೆರಗು ಚಾಚಿ ನಿಂತೇ ಇದ್ದೆ, ಭಾಷಣ ಗಂಟಲಲ್ಲೇ ಉಳಿಯಿತು. ಕೊನೆಗೆ ಒಬ್ಬ ತಾಯಿ ಕೆಂಪು ಸೆರಗನ್ನು ಮುಟ್ಟಿ ನೋಡಿ, ನನ್ನನ್ನೇ ಅಂಗಡಿಯ ಹಿರಿಯನೆಂದು ತಿಳಿದು ಕೇಳಿದಳು: "ಬಣ್ಣ ಬಿಡತೈತೇನ್ರೀ ಇದು?"

ಸೀರೆಯ ಬಣ್ಣದ ಬಗ್ಗೆ ನನಗೆ ಎಳ್ಳಷ್ಟೂ ಗೊತ್ತಿಲ್ಲ. ಆದರೆ ಮಾರುವವನು ಎಂಥವನೆಂದು ಗೊತ್ತಿತ್ತು.

"ಬಿಡಂಗಿಲ್ಲ ತಾಯಿ," ಎಂದೆ. "ಕಣ್ಣು ಮುಚ್ಚಿ ಒಯ್ರಿ."