ಕಿಂಡಿಯ ಕಲ್ಲು

ಆಳಂದದ ಹಳೆ ಓಣಿಯಲ್ಲಿ ಸೂಲಗಿತ್ತಿ ಸಾಬಮ್ಮನ ಮನೆಗೂ ಶರೀಫಾಬಿಯ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಅದರಲ್ಲೊಂದು ಕಿಂಡಿ. ಕೆಂಡ, ಉಪ್ಪು, ಊರ ಸುದ್ದಿ ಎಲ್ಲ ಅದರಲ್ಲೇ ಓಡಾಡುತ್ತಿದ್ದವು. ತುರ್ತಿದ್ದರೆ ಶರೀಫಾಬಿ ನೀರಿನ ಚರಗಿಯಿಂದ ಕಿಂಡಿಯ ಕಲ್ಲಿಗೆ ಬಡಿಯುವಳು, ಸಾಬಮ್ಮ "ಬಂದೆ ಬೇ" ಅಂದು ಎದ್ದು ಹೋಗುವಳು.

ನಿಜಾಮರ ಕಾಲ. ಪ್ಲೇಗು ಓಣಿಯನ್ನು ಅರ್ಧ ಖಾಲಿ ಮಾಡಿತು. ಉಳಿದರ್ಧವನ್ನು ಅಳತೆಪಟ್ಟಿ ಹಿಡಿದು ಬಂದ ಸಾಹೇಬ ಖಾಲಿ ಮಾಡಿಸಿದ. ಊರಿಗೆ ಗಾಳಿ ಬೆಳಕು ಬರಬೇಕಂತೆ. ಬಂತು, ಎಲ್ಲ ಅವನು ಕಟ್ಟಿಸಿದ ಗಂಜು ಎಂಬ ಹೊಸ ಪೇಟೆಯೊಳಗೇ ಬಂತು. ಶರೀಫಾಬಿಯ ಗಂಡನಂಥ ಅಂಗಡಿಯವರಿಗೆ ಒಳಗೆ ಅಗಲ ರಸ್ತೆ, ಸಿಹಿನೀರ ಬಾವಿ. ಕೂಲಿಯವರಿಗೆ ಹೊರಗಿನ ತಗ್ಗು, ಒಳಗಿನವರ ಮೋರಿ ನೀರು. ನಡುವೆ ಎತ್ತರದ ಗೋಡೆ. ದೂರದ ಮಗ್ಗುಲಿಗೆ ಒಂದೇ ಬಾಗಿಲು. ಹೊತ್ತು ಮುಳುಗಿದರೆ ಅದಕ್ಕೂ ಬೀಗ. ಸೂಲಗಿತ್ತಿ ಬಂದರೆ ಮಾತ್ರ ಕಾವಲುಗಾರ ತೆಗೆಯುತ್ತಿದ್ದ.

ಗೋಡೆ ಕಟ್ಟಿದ್ದು ಕೆಡವಿದ ಮನೆಗಳ ಕಲ್ಲಿನಿಂದಲೇ. ಸತ್ತವರ ಒಲೆಯ ಮಸಿ ಇನ್ನೂ ಅಂಟಿತ್ತು. ತಗ್ಗಿನಲ್ಲಿದ್ದ ಸಾಬಮ್ಮನ ಗುಡಿಸಲ ಎದುರಿಗೇ ಅವಳ ಹಳೆ ಮನೆಯ ಕಿಂಡಿಯ ಕಲ್ಲು ಬಂದು ಕೂತಿತ್ತು, ತೂತಿಗೆ ಮಣ್ಣು ಮೆತ್ತಿದ್ದರು. ಮುಸ್ಸಂಜೆ ಗೋಡೆಯೊಳಗಿಂದ ಪ್ಲೇಗಿನವರು ಕರೆಯುತ್ತಾರೆ, ಓಗೊಟ್ಟರೆ ಒಯ್ಯುತ್ತಾರೆ ಎಂದು ತಗ್ಗಿನವರೆಲ್ಲ ಬಾಯಿ ಮುಚ್ಚಿಕೊಂಡು ಕೂರುತ್ತಿದ್ದರು.

ಒಂದು ಸಂಜೆ ಕಿಂಡಿಯ ಕಲ್ಲೇ ಬಡಿಯಿತು. ಟಕ್ ಟಕ್. ನಿಂತಿತು. ಮತ್ತೆ ಟಕ್ ಟಕ್. ಪ್ಲೇಗಿನಲ್ಲಿ ಹೋದ ಗಂಡ ನೆನಪಾಗಿ ಸಾಬಮ್ಮ ಕೌದಿ ಹೊದ್ದು ಕಿವಿ ಮುಚ್ಚಿಕೊಂಡಳು. ಬಹಳ ಹೊತ್ತಿನ ಮೇಲೆ ಸದ್ದು ತಾನೇ ಸಣ್ಣಗಾಯಿತು.

ಮರುದಿನ ಗಂಜಿನ ಬಾಗಿಲಿಂದ ಹೆಣ ಹೊತ್ತ ಜನಾಜಾ ಹೊರಟಿತು. ಹೆರಿಗೆಗೆ ಬಂದಿದ್ದ ಶರೀಫಾಬಿಯ ಮಗಳದು. ಮನೆಯ ಗಂಡಸರು ಕಲಬುರಗಿಗೆ ಹೋಗಿದ್ದರು. ನೋವು ತಿನ್ನುವ ಮಗಳನ್ನು ಬಿಟ್ಟು ಬಾಗಿಲತನಕ ಹೋಗಲಾರದೆ ತಾಯಿ ಹಿತ್ತಲಿಗೆ ತಾಗಿದ ಆ ಗೋಡೆಯನ್ನೇ ಬಡಿದಿದ್ದಳು. ಓಡಿಬಂದ ಸಾಬಮ್ಮನ ಮುಂದೆ ಶರೀಫಾಬಿ ನಗ್ಗಿದ ಚರಗಿಯನ್ನು ಇಟ್ಟಳು.

"ಕೈ ಸೋಲೂತನಕ ಬಡದೆ, ಸಾಬಮ್ಮ. ನೀ ಇದ್ದಿಲ್ಲೇನು?"

ಸಾಬಮ್ಮ ಚರಗಿಯ ನಗ್ಗಿನ ಮೇಲೆ ಬೆರಳಾಡಿಸಿದಳು. ಗೋಡೆ ಕಟ್ಟಿಸಿ ಜೀವಂತ ಗೆಳತಿಯ ಕೂಗನ್ನು ದೆವ್ವದ ಕೂಗು ಮಾಡಿದ ಆ ಸಾಹೇಬನಿಗೆ ಮಾತ್ರ ಯಾರೂ ಏನೂ ಅನ್ನಲಿಲ್ಲ.

ಅಂದಿನಿಂದ ಗೋಡೆಯಲ್ಲಿ ಏನು ಸದ್ದಾದರೂ ಸಾಬಮ್ಮ ಎದ್ದು ಸುತ್ತು ಹಾಕಿ ಬಾಗಿಲಿಗೆ ಓಡುತ್ತಿದ್ದಳು. ಎಷ್ಟೋ ಸಲ ಒಳಗೆ ಯಾರೂ ಕರೆದಿರುತ್ತಿರಲಿಲ್ಲ. ವರ್ಷಗಳು ಕಳೆದು ಶರೀಫಾಬಿಯೂ ತೀರಿಕೊಂಡಳು. ಅವಳನ್ನು ಮಣ್ಣು ಮಾಡಿ ಬಂದ ಸಂಜೆ ಕಿಂಡಿಯ ಕಲ್ಲು ಮತ್ತೆ ಬಡಿಯಿತು. ತಗ್ಗಿನವರು ಬಾಯಿ ಮುಚ್ಚಿಕೊಂಡರು.

ಸಾಬಮ್ಮ ಸೆರಗು ಸರಿಮಾಡಿಕೊಂಡು ಎದ್ದಳು. "ಬಂದೆ ಬೇ," ಅಂದಳು.