ಶೆಫೀಲ್ಡಿನ ಸ್ಟೀಲ್ ಗಿಟಾರಿಗೆ ಗದಗಿನ ಕಿವಿ

ಬೆಳಗಿನ ನಾಲ್ಕೂ ಮುಕ್ಕಾಲು. ಶೆಫೀಲ್ಡಿನ ಇಳಿಜಾರು ಬೀದಿಯೊಂದರ ಹಿತ್ತಲಲ್ಲಿ, ಕಸದ ಡಬ್ಬಿಗಳ ಪಕ್ಕದ ಮರದ ಶೆಡ್ಡಿನಲ್ಲಿ ದೀಪ ಹತ್ತುತ್ತದೆ. ಹಣೆಗೆ ಆಗಷ್ಟೇ ಹಚ್ಚಿದ ವಿಭೂತಿ, ಮೈಮೇಲೆ ಎರಡು ಸ್ವೆಟರು, ಬೆರಳ ತುದಿ ಕತ್ತರಿಸಿದ ಕೈಗವಸು. ಪಂಚಾಕ್ಷರಿ ಹೂಗಾರ ಅವರು ಚಾಪೆಯ ಮೇಲೆ ಅಂಗಾತ ಮಲಗಿ, ಮೇಜಿನಂತೆ ನಾಲ್ಕು ಕಾಲಿನ ಮೇಲೆ ನಿಂತ ವಾದ್ಯವೊಂದರ ಹೊಟ್ಟೆಯೊಳಗೆ ಟಾರ್ಚು ಬಿಡುತ್ತಿದ್ದಾರೆ. ಇಷ್ಟು ಬೇಗ ಏಳುವುದಕ್ಕೆ ಕಾರಣ ಭಕ್ತಿಯೂ ಅಲ್ಲ, ಶಿಸ್ತೂ ಅಲ್ಲ. ಇನ್ನೊಂದು ಗಂಟೆ ಕಳೆದರೆ ಬೀದಿಯ ತುದಿಯಲ್ಲಿ ಟ್ರಾಮು ಶುರುವಾಗುತ್ತದೆ.

"ಅದರ ಗಾಲಿ ಒಮ್ಮೆ ಕಿರ್ ಅಂತಂದ್ರ ಮುಗೀತ್ರಿ. ಹತ್ತು ನಿಮಿಷ ಯಾವ ಸ್ವರಾನೂ ನೆಟ್ಟಗ ಕೇಳಂಗಿಲ್ಲ. ಟ್ರಾಮ್ ಬರೂಕಿಂತ ಮೊದ್ಲ ತಂತಿ ಮುಗೀಬೇಕು," ಎನ್ನುತ್ತಾರೆ, ತಿರುಪೊಂದನ್ನು ಕೂದಲೆಳೆಯಷ್ಟು ತಿರುಗಿಸುತ್ತ.

ವಾದ್ಯದ ಹೆಸರು ಪೆಡಲ್ ಸ್ಟೀಲ್ ಗಿಟಾರ್. ಅಮೆರಿಕದ ಹಳ್ಳಿಗಾಡಿನಿಂದ ಬಂದ ಕಂಟ್ರಿ ಹಾಡುಗಳಲ್ಲಿ ಗಾಯಕರ ಹಿಂದೆ ಒಂದು ದನಿ ಬಿಕ್ಕುತ್ತ ಜಾರುತ್ತದಲ್ಲ, ಅದು ಇದರದೇ. ಹತ್ತು ತಂತಿ, ಎಡಗೈಯಲ್ಲಿ ಉಕ್ಕಿನ ಸರಳು, ಕಾಲಡಿ ಪೆಡಲು, ಮೊಣಕಾಲಿನಿಂದ ತಳ್ಳುವ ಹಿಡಿಗಳು. ಪೆಡಲು ತುಳಿದರೆ ತಂತಿ ಬಿಗಿಯಾಗಿ ಸ್ವರ ಮೇಲೇರುತ್ತದೆ. ತಂತಿ ಹತ್ತೇ ಆದರೂ ತುಳಿತ, ತಳ್ಳು ಎಲ್ಲ ಸೇರಿ ಮೂವತ್ತರ ಹತ್ತಿರ ಕಡೆ ಶ್ರುತಿ ಕೂಡಿಸಬೇಕು. ಒಂದನ್ನು ಸರಿಮಾಡಿದರೆ ಇನ್ನೊಂದು ಮುನಿಸಿಕೊಳ್ಳುತ್ತದೆ.

ಶೆಡ್ಡಿಗೆ ಬೋರ್ಡಿಲ್ಲ. ಆದರೂ ಲೀಡ್ಸ್, ಡಾಂಕಾಸ್ಟರ್, ಬರ್ಮಿಂಗ್‌ಹ್ಯಾಮ್‌ನಿಂದ ಜನ ಕಾರಿನ ಹಿಂದೆ ಗಿಟಾರಿನ ಪೆಟ್ಟಿಗೆ ಹಾಕಿಕೊಂಡು ಇಲ್ಲಿಗೆ ಬರುತ್ತಾರೆ. ತಿಂಗಳಿಗೆ ಮೂರೋ ನಾಲ್ಕೋ. ಬಂದವೇ ಮತ್ತೆ ಬರುವುದನ್ನೂ ಸೇರಿಸಿದರೆ ಹದಿಮೂರು ವರ್ಷದಲ್ಲಿ ಐನೂರು ದಾಟಿರಬಹುದು. ಆರೂವರೆಗೆ ಶೆಡ್ಡಿಗೆ ಬೀಗ. ಏಳಕ್ಕೆ ಆಸ್ಪತ್ರೆಯೊಂದರ ಲಿನನ್ ರೂಮಿನಲ್ಲಿ ಡ್ಯೂಟಿ. ದಿನಕ್ಕೆ ಒಂಬೈನೂರು ಚಾದರ ಎಣಿಸಿ ವಾರ್ಡುಗಳಿಗೆ ಕಳಿಸುವ ಕೆಲಸ. ಅಲ್ಲಿ ಒಬ್ಬ ಜೊತೆಗಾರನ ಹೊರತು ಯಾರಿಗೂ ಇವರ ಇನ್ನೊಂದು ಕಸುಬಿನ ಸುಳಿವೇ ಇಲ್ಲ.

ಪಂಚಾಕ್ಷರಿಗೆ ಈಗ ಅರವತ್ತೊಂದು. ಅಪ್ಪ ಗದಗಿನಲ್ಲಿ ಪೇಟಿ ರಿಪೇರಿ ಮಾಡುತ್ತಿದ್ದರು. ಹಾರ್ಮೋನಿಯಂ ಅಂದರೆ ಆ ಕಡೆ ಪೇಟಿಯೇ. ಒಳಗಿನ ಹಿತ್ತಾಳೆ ಪಟ್ಟಿಯ ತುದಿ ಕೆರೆದರೆ ಸ್ವರ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ. ಎಂಟನೆಯ ವಯಸ್ಸಿಗೆ ಹುಡುಗನ ಕೈಗೆ ಅರ ಬಂತು. ಅದಕ್ಕೂ ಮೊದಲು ಒಂದು ವರ್ಷ ಬರೀ ತಂಬೂರಿ ಮೀಟುತ್ತ ಕೂರುವ ಶಿಕ್ಷೆ. "ಖರ್ಜದ ತಂತಿ, ಅಂದ್ರ ಕೆಳಗಿನ ಸಾ, ಮೀಟಿದ್ರ ಅದರೊಳಗಿಂದ ಗಂಧಾರ ತಾನಾಗೇ ಹೊಳೀತೈತಿ. ಅದು ಕೇಳೂತನಕ ಅರಕ್ಕ ಕೈ ಹಚ್ಚಬ್ಯಾಡ ಅಂದಿದ್ದ ನಮ್ಮಪ್ಪ. ಕೇಳೂಕ ನನಗ ಹನ್ನೊಂದು ತಿಂಗಳು ಬೇಕಾತು. ದಡ್ಡ ಇದ್ದೆ."

ಹೆಂಡತಿ ನೀಲಮ್ಮನಿಗೆ ಇಲ್ಲಿ ನರ್ಸ್ ಕೆಲಸ ಸಿಕ್ಕಾಗ ಮೂರು ವರ್ಷದ ಮಗಳು ಐಶ್ವರ್ಯಾಳನ್ನು ಎತ್ತಿಕೊಂಡು ಇವರೂ ಬಂದರು. ಇಪ್ಪತ್ತೊಂದು ವರ್ಷವಾಯಿತು. ಪೇಟಿಗಳಿಲ್ಲದ ಊರಿನಲ್ಲಿ ಎಂಟು ವರ್ಷ ಕಿವಿಗೆ ಕೆಲಸವಿರಲಿಲ್ಲ. ಒಂದು ಭಾನುವಾರ ಲಿನನ್ ರೂಮಿನ ಜೊತೆಗಾರ ಟ್ರೆವರ್ ತನ್ನ ಮನೆಗೆ ಕರೆದ. ಅವನ ಅಡುಗೆಮನೆಯಲ್ಲಿ ಈ ವಾದ್ಯವಿತ್ತು. ಟ್ರೆವರ್ ಸರಳು ಜಾರಿಸಿದ್ದೇ, ಇವರ ಕೈಯಲ್ಲಿದ್ದ ಚಹಾ ಆರಿತು. "ಸ್ವರದಿಂದ ಸ್ವರಕ್ಕ ಜಾರೂದು, ಮೀಂಡ್ ಅಲ್ಲೇನ್ರಿ ಅದು! ಆದ್ರ ಗಂಧಾರ ಸುಳ್ಳು ಹೇಳಾಕತ್ತಿತ್ತು. ತಡೀ ಅಂತ ಹೇಳಿ ತಿರುಪು ಹಿಡಿದೆ." ಟ್ರೆವರ್ ಮತ್ತೆ ನುಡಿಸಿ, "ಪಂಚ್, ಲವ್, ಇದು ನನ್ನ ಗಿಟಾರೇನಾ?" ಅಂದನಂತೆ. ಗಂಡಸರಿಗೆಲ್ಲ 'ಲವ್' ಅನ್ನುವ ಅವನ ಯಾರ್ಕ್‌ಶೈರ್ ಅಭ್ಯಾಸಕ್ಕೆ ನೀಲಮ್ಮ ಈಗಲೂ ನಗುತ್ತಾರೆ: "ನನ್ನ ಬಾಯಾಗ ಮೂವತ್ತು ವರ್ಷದಾಗ ಒಮ್ಮೆನೂ ಬಂದಿಲ್ಲ ನೋಡ್ರಿ ಆ ಮಾತು."

ಪಂಚಾಕ್ಷರಿಯ ರುಚಿ ಅಲ್ಲೇ ನಿಂತಿತು. ಪಿಟೀಲು, ಮರದ ಗಿಟಾರು, ಸ್ಟೀಲು, ಅಷ್ಟಿದ್ದರೆ ಅದು ಕಂಟ್ರಿ. ರೈಲು, ಜೈಲು, ಬಿಟ್ಟುಹೋದ ಹೆಂಡತಿ, ಹೂತ ತಾಯಿ ಇವೆಲ್ಲ ಇರುವ ಹಳೆಯ ಹಾಡುಗಳು. ಮಗಳು ಐಶ್ವರ್ಯಾ ಮೀಡಿಯಾಸಿಟಿ ಎಂಬ ಟಿವಿ ಸ್ಟುಡಿಯೋಗಳ ಬಡಾವಣೆಯಲ್ಲಿ ಸೌಂಡ್ ವಿಭಾಗದವಳು. ಅವಳಿಗೆ ಹೊಸದೇ ಬೇಕು. ಡ್ರಮ್ಮಿನ ಗುದ್ದು, ಕೀಬೋರ್ಡಿನ ಮೋಡ, ನಡುವೆ ಎಲ್ಲೋ ಒಂದಿಷ್ಟು ಗಿಟಾರು. ಊಟಕ್ಕೆ ಕೂತರೆ ಇದೇ ಜಗಳ.

"ಇದಕ್ಕ ಹ್ಯಾಟ್ ಒಂದ ಹಾಕ್ಯಾರ ಅಂತ ಕಂಟ್ರಿ ಅಂತೀಯೇನ? ಜಿಮ್ಮಿನಾಗ ಹಾಕೂ ಹಾಡಿದು."

"ಅಪ್ಪಾ, ನಿನ್ನ ಹಾಡಲ್ಲಿ ಎಲ್ಲರೂ ಸತ್ತಿರ್ತಾರೆ. ಸಮ್‌ಬಡಿ ಹ್ಯಾಸ್ ಟು ಲಿವ್!"

ಹೋದ ಸೆಪ್ಟೆಂಬರಿನ ತನಕ ಇದು ಬರೀ ತಮಾಷೆ. ಆ ತಿಂಗಳು ಬಾರ್ನ್‌ಸ್ಲಿ ಹತ್ತಿರದ ಕಾರ್ಮಿಕರ ಕ್ಲಬ್ಬೊಂದರಲ್ಲಿ ಮೇಗನ್ ಎಂಬ ಹೊಸ ಗಾಯಕಿಯ ಕಾರ್ಯಕ್ರಮ. ಅವಳ ಹಿಂದಿನ ವಾದ್ಯಗಳೆಲ್ಲ ಲ್ಯಾಪ್‌ಟಾಪಿನಲ್ಲಿ. ಅದನ್ನು ಸಿದ್ಧಪಡಿಸಿದವಳು ಐಶ್ವರ್ಯಾ. ನಿಜವಾದ ವಾದ್ಯ ಒಂದೇ, ಟ್ರೆವರನ ಸ್ಟೀಲ್. ಶ್ರುತಿ ಮಾಡಿದವರು ಪಂಚಾಕ್ಷರಿ. ಮೊದಲ ಹಾಡಿಗೇ ಜನ ಒಬ್ಬರ ಮುಖ ಒಬ್ಬರು ನೋಡಿದರು. ಮೂರನೆಯದಕ್ಕೆ ಮೇಗನ್ ಹಾಡುತ್ತಲೇ ಟ್ರೆವರನ ಕಡೆ ತಿರುಗಿದಳು. ವಿರಾಮದಲ್ಲಿ ಕ್ಲಬ್ಬಿನ ಕಾರ್ಯದರ್ಶಿ ಎಲ್ಲರಿಗೂ ಕೇಳುವ ಹಾಗೆ ಕೇಳಿದರು: "ಸ್ಟೀಲ್ ಹುಳಿ ಹುಳಿ ಬರ್ತಿದೆ. ಟ್ಯೂನ್ ಮಾಡಿದ್ದು ಯಾರು?"

ಹಿಂದಿನ ಸಾಲಿನಲ್ಲಿದ್ದ ಪಂಚಾಕ್ಷರಿಗೆ ನೆಲ ಜಾರಿದ್ದು ಈ ಪ್ರಶ್ನೆಗಲ್ಲ. ಅವರ ಕಿವಿಗೆ ಸ್ಟೀಲ್ ಸರಿಯಾಗಿಯೇ ಇತ್ತು. ಹುಳಿ ಅನ್ನಿಸುತ್ತಿದ್ದದ್ದು ಲ್ಯಾಪ್‌ಟಾಪು. "ಇನ್ನೂರು ಮಂದಿಗೆ ಒಂದು ಕೇಳ್ತೈತಿ, ನನಗೊಬ್ಬಗ ಇನ್ನೊಂದು ಕೇಳ್ತೈತಿ. ಅಂದ್ರ ಏನರ್ಥ್ರಿ? ಕಿವಿ ಹೋತು ಅಂದ್ಕೊಂಡೆ."

ಜಿಪಿ, ಅಂದರೆ ಬಡಾವಣೆಯ ಡಾಕ್ಟರ ಹತ್ತಿರ ಹೋದರು. ಆರು ವಾರ ಕಾದು ಶ್ರವಣ ಪರೀಕ್ಷೆಯೂ ಆಯಿತು. ಎಡಗಿವಿಯಲ್ಲಿ ತೀರಾ ಎತ್ತರದ ಸ್ವರ ಸ್ವಲ್ಪ ಮಂಕು, ವಯಸ್ಸಿಗೆ ತಕ್ಕಂತಿದೆ ಎಂದರು. ಆ 'ಸ್ವಲ್ಪ' ಸಾಕಾಯಿತು. ಸುದ್ದಿ ಹಬ್ಬಿ ಲೀಡ್ಸಿನ ಇಬ್ಬರು ಗಿಟಾರು ವಾಪಸ್ ಒಯ್ದರು. ಅದಕ್ಕಿಂತ ನೋವು ಕೊಟ್ಟದ್ದು, ಟ್ರೆವರನ ಅಡುಗೆಮನೆಯಲ್ಲಿ ಕಂಡ, ಟವೆಲ್ಲಿನಡಿ ಮುಚ್ಚಿಟ್ಟ ಶ್ರುತಿ ತೋರಿಸುವ ಮಷಿನ್ನು. ಇವರು ನೋಡಲಿಲ್ಲವೆಂಬಂತೆ ಚಹಾ ಕುಡಿದು ಬಂದು, ಶೆಡ್ಡಿಗೆ ಬೀಗ ಹಾಕಿದರು. "ಮುಂಜಾನೆ ನಾಲ್ಕಕ್ಕ ಏಳ್ತಿದ್ರು, ಎದ್ದು ಸುಮ್ನ ಕುರ್ಚಿಮ್ಯಾಲ ಕೂಡ್ತಿದ್ರು," ಎನ್ನುತ್ತಾರೆ ನೀಲಮ್ಮ. "ಮಲಗ್ರೀ ಅಂದ್ರ, ಟ್ರಾಮ್ ಬರ್ಲಿ ಅಂತಿದ್ರು."

ನವೆಂಬರಿನಲ್ಲಿ ಐಶ್ವರ್ಯಾ ಬಂದವಳು ಶೆಡ್ಡಿನ ಬೀಗ ತೆಗೆಸಿದಳು. ಯಾರೂ ಒಯ್ಯದೆ ಉಳಿದಿದ್ದ ಹಳೆಯ ಸ್ಟೀಲೊಂದನ್ನು ಅಪ್ಪನ ಮುಂದಿಟ್ಟು, ಶ್ರುತಿ ಮಾಡು ಅಂದಳು. ಮುಗಿದ ಮೇಲೆ ಫೋನು ಹಿಡಿದು ಅಳೆದಳು. ಮೂರನೇ ತಂತಿ, ಅಪ್ಪ ಗಂಧಾರ ಅನ್ನುವ ತಂತಿ, ಹದಿನಾಲ್ಕು ಸೆಂಟು ಕೆಳಗಿತ್ತು.

"ಸೆಂಟು ಅಂದ್ರೇನ?"

"ಪೇಟಿಯ ಒಂದು ಮನೆಯಿಂದ ಪಕ್ಕದ ಮನೆಗೆ ನೂರು ಮೆಟ್ಟಿಲು ಅಂದ್ಕೋ. ನೀನು ಹದಿನಾಲ್ಕು ಮೆಟ್ಟಿಲು ಕೆಳಗಿದ್ದೀಯ."

ಪಂಚಾಕ್ಷರಿ ತಲೆ ತಗ್ಗಿಸಿದರು. ಮಗಳು ತಂತಿಗಳನ್ನೆಲ್ಲ ಕೆಡಿಸಿ, ಮತ್ತೆ ಮಾಡು ಅಂದಳು. ಹದಿನಾಲ್ಕು. ಅವರನ್ನು ಊಟಕ್ಕೆಬ್ಬಿಸಿ, ಬಂದ ಮೇಲೆ ಇನ್ನೊಮ್ಮೆ. ಹದಿನಾಲ್ಕು. ಮರುದಿನ ಬೆಳಿಗ್ಗೆ ತಂತಿಗಳನ್ನೇ ಬದಲಿಸಿ ಕೂರಿಸಿದಳು. ಆಗಲೂ ಅದೇ. ಅವಳ ಮುಖ ಅರಳಿತು.

"ಅಪ್ಪಾ, ಕೆಟ್ಟ ಕಿವಿ ಒಮ್ಮೆ ಹತ್ತು ತಪ್ಪುತ್ತೆ, ಒಮ್ಮೆ ಮೂವತ್ತು. ನೀನು ನಾಲ್ಕು ಸಲವೂ ಒಂದೇ ಜಾಗಕ್ಕೆ ಬಂದು ನಿಂತೆ. ದಟ್ಸ್ ನಾಟ್ ಎ ಮಿಸ್ಟೇಕ್."

ವಿಷಯ ಇಷ್ಟೇ. ಕೀಬೋರ್ಡಿನ ಸ್ವರಗಳು ಯಾವ ಶ್ರುತಿಗೂ ಒಗ್ಗಲೆಂದು ಸಮನಾಗಿ ಹಂಚಿಟ್ಟವು; ತಂಬೂರಿಯೊಳಗಿಂದ ಹೊಳೆಯುವ ಗಂಧಾರ ಅದಕ್ಕಿಂತ ಆ ಹದಿನಾಲ್ಕು ಮೆಟ್ಟಿಲು ಕೆಳಗಿದೆ. ಪಿಟೀಲಿನವರು ತಮಗೆ ಗೊತ್ತಿಲ್ಲದೆಯೇ ಅಲ್ಲಿಗೆ ಇಳಿಯುತ್ತಾರೆ. ಹಾಗಾಗಿ ಇಷ್ಟು ವರ್ಷ ಟ್ರೆವರನ ಹಳೆಯ ಹಾಡುಗಳಲ್ಲಿ ಅದು ಜೇನಾಗಿತ್ತು. ಮೇಗನಳ ಲ್ಯಾಪ್‌ಟಾಪಿನ ಪಕ್ಕ ಹುಳಿಯಾಯಿತು. ಹಳತು ಹೊಸತರ ರುಚಿಯ ಜಗಳ ಊಟದ ಮೇಜಿನಿಂದ ಇಳಿದು ಒಂದು ತಂತಿಯ ಮೇಲೆ ಬಂದು ಕೂತಿತ್ತು.

ಗೆದ್ದೆನೆಂದು ಪಂಚಾಕ್ಷರಿ ಬೀಗಲಿಲ್ಲ. ಅವರನ್ನು ಕಾಡಿದ್ದು ಬೇರೆ. "ಪೇಟಿ ಯಾರ ತಂದ್ರೂ ನಮ್ಮಪ್ಪ ಮೊದ್ಲ ಕೇಳ್ತಿದ್ದ, ಯಾರಿಗೆ ಸಾಥ್ ಕೊಡ್ತೀರಿ ಅಂತ. ನಾನು ಹದಿಮೂರು ವರ್ಷ ಒಬ್ರನ್ನೂ ಕೇಳಿಲ್ರಿ. ನನಗ ಸೇರಿದ್ದ ಎಲ್ಲಾರ್ಗೂ ಸೇರ್ತದ ಅಂತ ತಿಳ್ಕೊಂಡಿದ್ದೆ. ಕಿವಿ ತಪ್ಪಿಲ್ಲ. ನಾ ತಪ್ಪೀನಿ."

ಈಗ ಕೇಳುತ್ತಾರೆ. ಪಿಟೀಲಿನ ಜೊತೆಯೋ, ಕೀಬೋರ್ಡಿನ ಜೊತೆಯೋ? ಎರಡನೆಯದಾದರೆ ಮಗಳು ಕೊಡಿಸಿದ ಮಷಿನ್ನಿನ ಮುಳ್ಳು ನೋಡಿ, ಹಲ್ಲು ಕಚ್ಚಿ, ಹದಿನಾಲ್ಕು ಮೆಟ್ಟಿಲು ಏರಿಸುತ್ತಾರೆ. "ಉಪ್ಪಿಲ್ಲದ ಸಾರು ಬಡಿಸಿದಂಗ ಆಗ್ತದ. ಬಿ.ಪಿ. ಇದ್ದವರಿಗೆ ಅದ ಬೇಕಲ್ರಿ ಮತ್ತ." ಮಾರ್ಚಿನಲ್ಲಿ ಅದೇ ಕ್ಲಬ್ಬಿನಲ್ಲಿ, ಮೇಗನಳ ಲ್ಯಾಪ್‌ಟಾಪಿನ ಜೊತೆ, ಟ್ರೆವರ್ ಇವರು ಏರಿಸಿ ಕೂಡಿಸಿಕೊಟ್ಟ ಹಾಗೆಯೇ ನುಡಿಸಿದ. ಯಾರೂ ಮುಖ ನೋಡಿಕೊಳ್ಳಲಿಲ್ಲ, ಯಾರು ಟ್ಯೂನ್ ಮಾಡಿದ್ದೆಂದು ಕೇಳಲೂ ಇಲ್ಲ. ಟವೆಲ್ಲಿನಡಿಯ ಆ ಮಷಿನ್ನಿನ ಸುದ್ದಿಯನ್ನು ಟ್ರೆವರ್ ತಾನೇ ಎತ್ತಿದ್ದು ವಾಪಸ್ ಬರುವಾಗ ಕಾರಿನಲ್ಲಿ, ರಸ್ತೆ ನೋಡುತ್ತ: "ನಿನ್ನನ್ನೇ ಕೇಳಬೇಕಿತ್ತು ನಾನು." ಇವರು, "ಬಿಡು ಮಾರಾಯ," ಅಂದರು, ಕನ್ನಡದಲ್ಲೇ. ಅವನಿಗೆ ಅರ್ಥವಾಯಿತಂತೆ.

ಹೊರಗೆ ಮೊದಲ ಟ್ರಾಮು ಇಳಿಜಾರು ಹತ್ತುತ್ತಿದೆ. ಪಂಚಾಕ್ಷರಿ ಕೈಗವಸು ಬಿಚ್ಚಿ ಎದ್ದು ಕೂರುತ್ತಾರೆ. ಏನಾದರೂ ಆಸೆ ಉಳಿದಿದೆಯೇ ಅಂದರೆ ಟಾರ್ಚು ಆರಿಸಿ ಪಕ್ಕಕ್ಕಿಡುತ್ತಾರೆ.

"ಆ ಮೇಗನ್ ಹುಡುಗಿ ದನಿ ಛಲೋ ಐತ್ರಿ, ಸುಳ್ಳು ಹೇಳಬಾರದು. ಒಂದ ಹಾಡು, ಒಂದ, ಲ್ಯಾಪ್‌ಟಾಪ್ ಬಂದ್ ಮಾಡಿ ಬರೇ ಸ್ಟೀಲ್ ಹಿಡ್ಕೊಂಡು ಹಾಡ್ಲಿ. ಆವಾಗ ಆಕಿ ಗಂಧಾರ ಎಲ್ಲಿ ನಿಲ್ತೈತಿ ಅಂತ ಕೇಳಬೇಕು ನಾ. ನಾ ಇದ್ದಲ್ಲಿಗೆ ಇಳೀತಾಳ ಅಂತ ಅನ್ನಸ್ತೈತಿ." ಶೆಡ್ಡಿನ ದೀಪ ಆರಿಸುತ್ತ ಮಾತು ಸೇರಿಸುತ್ತಾರೆ: "ಇಳೀಲಿಲ್ಲಂದ್ರೂ ಕೇಳ್ತೀನಿ ಬಿಡ್ರಿ. ಕೇಳಾಕ ಕಿವಿ ಅಂತೂ ಐತಲ್ಲ."